ದಾವಣಗೆರೆ, ಚಿತ್ರದುರ್ಗದವರಿಗೆ ವಿಮಾನ ಪ್ರಯಾಣದ ಲೆಕ್ಕ: ದೂರ ಎಷ್ಟು, ನಿಜವಾಗಿ ಹಿಡಿಯುವ ಹೊತ್ತೆಷ್ಟು?

"ಶಿವಮೊಗ್ಗದಿಂದ ಹೈದರಾಬಾದಿಗೆ ವಿಮಾನದಲ್ಲಿ ಎಷ್ಟು ದೂರ? ಎಷ್ಟು ಹೊತ್ತು?" "ಹುಬ್ಬಳ್ಳಿಯಿಂದ ಹೋದರೆ ಬೇಗ ಆಗುತ್ತಾ, ಬೆಂಗಳೂರಿಂದ ಹೋದರೆ ಬೇಗ ಆಗುತ್ತಾ?" ನಮ್ಮ ಕಡೆಯ ಓದುಗರು ಇದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮಗಳನ್ನು ಕಾಲೇಜಿಗೆ ಬಿಡಲು ಹೋಗುವವರು, ಆಸ್ಪತ್ರೆಗೆ ತೋರಿಸಲು ಹೋಗುವವರು, ಕೆಲಸದ ಸಂದರ್ಶನಕ್ಕೆ ಹೊರಟವರು, ಎಲ್ಲರದ್ದೂ ಇದೇ ಪ್ರಶ್ನೆ.

ಇದಕ್ಕೆ ಒಂದು ಸಂಖ್ಯೆ ಹೇಳಿ ಮುಗಿಸಬಹುದು. ಆದರೆ ಆ ಸಂಖ್ಯೆ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಪ್ರಯಾಣಿಕರ ವಿಮಾನ ನಿಲ್ದಾಣ ಇಲ್ಲ. ನಾವು ಎಲ್ಲಿಗೆ ಹಾರಬೇಕಾದರೂ ಮೊದಲು ನೂರಾರು ಕಿಲೋಮೀಟರ್ ರಸ್ತೆ ಸವೆಸಬೇಕು. ಹಾಗಾಗಿ ನಮಗೆ ಬೇಕಾಗಿರುವುದು ನಿಲ್ದಾಣದಿಂದ ನಿಲ್ದಾಣದ ಲೆಕ್ಕ ಅಲ್ಲ, ಮನೆ ಬಾಗಿಲಿಂದ ಹೋಗಬೇಕಾದ ಜಾಗದ ಬಾಗಿಲಿನವರೆಗಿನ ಲೆಕ್ಕ. ಅದನ್ನು ನೀವೇ ಹಾಕಿಕೊಳ್ಳುವುದು ಹೇಗೆ ಎಂದು ಹಂತ ಹಂತವಾಗಿ ಬರೆದಿದ್ದೇನೆ.

ಬೇಕಾಗುವ ಸಾಮಾನು ಕಡಿಮೆ. ಮ್ಯಾಪ್ ಇರುವ ಒಂದು ಫೋನ್, ಒಂದು ಹಾಳೆ, ಪೆನ್ನು. ಪ್ರಯಾಣದ ದಿನಾಂಕ ಗೊತ್ತಿದ್ದರೆ ಇನ್ನೂ ಒಳ್ಳೆಯದು.

1. ನಿಮ್ಮ ಮನೆಗೆ ಯಾವ ನಿಲ್ದಾಣ ಹತ್ತಿರ ಎಂದು ಮೊದಲು ಗುರುತಿಸಿ

ನಮ್ಮ ಎರಡೂ ಜಿಲ್ಲೆಯವರಿಗೆ ಕೈಗೆಟಕುವ ನಿಲ್ದಾಣಗಳು ನಾಲ್ಕು.

ಶಿವಮೊಗ್ಗ: ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ಈ ನಿಲ್ದಾಣ ಶಿವಮೊಗ್ಗ ಮತ್ತು ಭದ್ರಾವತಿ ನಡುವೆ ಸೋಗಾನೆ ಹತ್ತಿರ ಇದೆ. 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು, ಪ್ರಯಾಣಿಕರ ವಿಮಾನ ಅದೇ ವರ್ಷ ಆಗಸ್ಟ್ 31ರಿಂದ ಶುರುವಾಯಿತು. ದಾವಣಗೆರೆಯಿಂದ ನೂರು ಕಿ.ಮೀ. ಆಸುಪಾಸು. ಚಿತ್ರದುರ್ಗದಿಂದ ಹೊಳಲ್ಕೆರೆ, ಚನ್ನಗಿರಿ ಕಡೆಯಿಂದ ಹೋದರೂ ಹೆಚ್ಚು ಕಮ್ಮಿ ಅಷ್ಟೇ. ಚನ್ನಗಿರಿ, ಹೊನ್ನಾಳಿಯವರಿಗಂತೂ ಇದು ತೀರಾ ಹತ್ತಿರ.

ಹುಬ್ಬಳ್ಳಿ: ಗೋಕುಲ ರಸ್ತೆಯಲ್ಲಿದೆ. ದಾವಣಗೆರೆಯಿಂದ ಸುಮಾರು 150 ಕಿ.ಮೀ., ಚಿತ್ರದುರ್ಗದಿಂದ ಸುಮಾರು 210 ಕಿ.ಮೀ. ದೂರ ಜಾಸ್ತಿ ಅನ್ನಿಸಿದರೂ ಹರಿಹರ, ರಾಣೆಬೆನ್ನೂರು, ಹಾವೇರಿ ಮೇಲೆ ಪೂರ್ತಿ ರಾಷ್ಟ್ರೀಯ ಹೆದ್ದಾರಿ 48. ಗಾಡಿ ನಿಲ್ಲಿಸದೆ ಓಡುತ್ತದೆ.

ಬೆಂಗಳೂರು: ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ. ದಾವಣಗೆರೆಯಿಂದ 270 ಕಿ.ಮೀ. ಆಸುಪಾಸು, ಚಿತ್ರದುರ್ಗದಿಂದ 210 ಕಿ.ಮೀ. ಆಸುಪಾಸು.

ವಿದ್ಯಾನಗರ: ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ ಪಕ್ಕದ ಸಣ್ಣ ನಿಲ್ದಾಣ. ಮೊಳಕಾಲ್ಮುರು, ಚಳ್ಳಕೆರೆ, ಜಗಳೂರು ಕಡೆಯವರು ಇದನ್ನು ಮರೆಯುವುದೇ ಜಾಸ್ತಿ. ಅಲ್ಲಿಂದ ವಿಮಾನಗಳು ಕಡಿಮೆ. ಆದರೆ ನಿಮಗೆ ಬೇಕಾದ ಊರಿಗೆ ನಿಮಗೆ ಬೇಕಾದ ದಿನ ಇದ್ದರೆ ಅರ್ಧ ದಿನ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮ್ಯಾಪಿನಲ್ಲಿ ಚಳ್ಳಕೆರೆ ಹತ್ತಿರ ಉದ್ದನೆಯ ಒಂದು ರನ್‌ವೇ ಕಾಣುತ್ತದೆ. ಅದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ. ಇಸ್ರೋ ತನ್ನ ಮರುಬಳಕೆ ಉಡಾವಣಾ ವಾಹನವನ್ನು 2023ರ ಏಪ್ರಿಲ್ 2ರಂದು ಇಳಿಸಿ ಪರೀಕ್ಷೆ ಮಾಡಿದ್ದು ಅಲ್ಲೇ. ನಮ್ಮ ಜಿಲ್ಲೆಗೆ ಹೆಮ್ಮೆಯ ಜಾಗ, ನಿಜ. ಆದರೆ ಅಲ್ಲಿಂದ ಪ್ರಯಾಣಿಕರ ವಿಮಾನ ಹಾರುವುದಿಲ್ಲ.

2. ಎರಡು ನಿಲ್ದಾಣಗಳ ನಡುವಿನ ಆಕಾಶದ ದೂರ ಅಳೆಯಿರಿ

ವಿಮಾನದ ದೂರ ಅಂದರೆ ನೇರ ಗೆರೆಯ ದೂರ. ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆದರೆ ಎಷ್ಟು ಉದ್ದ ಬರುತ್ತದೋ ಅದು. ರಸ್ತೆ ದೂರ ಇದಕ್ಕಿಂತ ಯಾವಾಗಲೂ ಜಾಸ್ತಿ. ರೈಲಿನದ್ದು ಇನ್ನೂ ಬೇರೆ. ದಾವಣಗೆರೆಯಿಂದ ಬೆಂಗಳೂರಿಗೆ ರಸ್ತೆ ಚಿತ್ರದುರ್ಗ, ಹಿರಿಯೂರು, ಶಿರಾ ಹಿಡಿದು ಹೋದರೆ, ರೈಲು ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿಕೊಂಡು ತುಮಕೂರಿಗೆ ಬರುತ್ತದೆ. ಹಾಗಾಗಿ ಯಾರಾದರೂ "ಇಷ್ಟು ಕಿಲೋಮೀಟರ್" ಅಂದರೆ ಯಾವುದರ ಲೆಕ್ಕ ಎಂದು ಮೊದಲು ಕೇಳಿ.

ಅಳೆಯುವುದು ಸುಲಭ. ಫೋನಿನ ಗೂಗಲ್ ಮ್ಯಾಪಿನಲ್ಲಿ ಹೊರಡುವ ನಿಲ್ದಾಣದ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ. ಕೆಳಗೆ ಬರುವ ಪಟ್ಟಿಯನ್ನು ಮೇಲಕ್ಕೆ ಎಳೆದರೆ ದೂರ ಅಳೆಯುವ ಆಯ್ಕೆ, ಅಂದರೆ 'ಮೆಷರ್ ಡಿಸ್ಟೆನ್ಸ್' ಸಿಗುತ್ತದೆ. ಅದನ್ನು ಒತ್ತಿ, ನಡುವಿನ ಸಣ್ಣ ವೃತ್ತ ಇಳಿಯುವ ನಿಲ್ದಾಣದ ಮೇಲೆ ಬರುವ ಹಾಗೆ ಮ್ಯಾಪನ್ನು ಸರಿಸುತ್ತಾ ಹೋಗಿ. ಕೆಳಗಡೆ ಕಿಲೋಮೀಟರ್ ಏರುತ್ತಾ ಹೋಗುವುದು ಕಾಣುತ್ತದೆ. ಕಂಪ್ಯೂಟರಿನಲ್ಲಾದರೆ ಮೌಸಿನ ಬಲ ಗುಂಡಿ ಒತ್ತಿದರೆ ಅದೇ ಆಯ್ಕೆ ಬರುತ್ತದೆ.

ನಮಗೆ ಹೆಚ್ಚು ಬೇಕಾಗುವ ಕೆಲವು ದೂರಗಳನ್ನು ಇಲ್ಲೇ ಕೊಡುತ್ತೇನೆ. ಎಲ್ಲವೂ ನಿಲ್ದಾಣದಿಂದ ನಿಲ್ದಾಣಕ್ಕೆ ನೇರ ಗೆರೆಯಲ್ಲಿ, ಸುಮಾರು ಲೆಕ್ಕ.

ಶಿವಮೊಗ್ಗ – ಬೆಂಗಳೂರು: 240 ಕಿ.ಮೀ.
ಶಿವಮೊಗ್ಗ – ಹೈದರಾಬಾದ್: 480 ಕಿ.ಮೀ.
ಶಿವಮೊಗ್ಗ – ತಿರುಪತಿ: 425 ಕಿ.ಮೀ.
ಶಿವಮೊಗ್ಗ – ಚೆನ್ನೈ: 500 ಕಿ.ಮೀ.
ಹುಬ್ಬಳ್ಳಿ – ಬೆಂಗಳೂರು: 370 ಕಿ.ಮೀ.
ಹುಬ್ಬಳ್ಳಿ – ಹೈದರಾಬಾದ್: 410 ಕಿ.ಮೀ.
ಹುಬ್ಬಳ್ಳಿ – ಮುಂಬೈ: 475 ಕಿ.ಮೀ.
ಹುಬ್ಬಳ್ಳಿ – ದೆಹಲಿ: 1,475 ಕಿ.ಮೀ.

ಇಲ್ಲಿ ಜನ ಎಡವುವುದು ಎರಡು ಕಡೆ. ಮೊದಲನೆಯದು, ಊರಿನ ಹೆಸರು ಟೈಪ್ ಮಾಡಿ ಅಳೆಯುವುದು. ಬೆಂಗಳೂರು ಅಂದರೆ ಮ್ಯಾಪು ನಗರದ ನಡುಮಧ್ಯಕ್ಕೆ ಪಿನ್ ಹಾಕುತ್ತದೆ, ವಿಮಾನ ಇಳಿಯುವುದು ದೇವನಹಳ್ಳಿಯಲ್ಲಿ. ಹೈದರಾಬಾದಿನದ್ದು ಶಂಷಾಬಾದಿನಲ್ಲಿ. ಎರಡನೆಯದು, ಮೈಲು. ವಿಮಾನದವರು ನಾಟಿಕಲ್ ಮೈಲು ಬಳಸುತ್ತಾರೆ. ಒಂದು ನಾಟಿಕಲ್ ಮೈಲು ಅಂದರೆ 1.852 ಕಿ.ಮೀ. ಸಾಮಾನ್ಯ ಮೈಲು 1.609 ಕಿ.ಮೀ. ಶಿವಮೊಗ್ಗ–ಹೈದರಾಬಾದ್ ದೂರ ಒಂದು ಕಡೆ 480, ಇನ್ನೊಂದು ಕಡೆ 298, ಮತ್ತೊಂದು ಕಡೆ 259 ಎಂದು ಕಂಡರೆ ಗಾಬರಿ ಬೇಡ. ಮೂರೂ ಒಂದೇ ದೂರ. ಸಂಖ್ಯೆಯ ಪಕ್ಕ ಏನು ಬರೆದಿದೆ ಎಂದು ನೋಡಿ.

3. ಆ ದಾರಿಯಲ್ಲಿ ವಿಮಾನ ನಿಜವಾಗಿ ಇದೆಯಾ ಎಂದು ನೋಡಿ

ಇದು ತುಂಬಾ ಮುಖ್ಯ. ಎರಡು ಊರಿನ ಹೆಸರು ಹಾಕಿದರೆ ದೂರ, ಹಾರಾಟದ ಸಮಯ ಎರಡನ್ನೂ ತಟ್ಟನೆ ತೋರಿಸುವ ಜಾಲತಾಣಗಳು ಬೇಕಾದಷ್ಟಿವೆ. ಅವು ಮಾಡುವುದು ಬರೀ ಭಾಗಾಕಾರ. ದೂರವನ್ನು ಒಂದು ಸರಾಸರಿ ವೇಗದಿಂದ ಭಾಗಿಸಿ ಉತ್ತರ ಕೊಡುತ್ತವೆ. ಆ ದಾರಿಯಲ್ಲಿ ವಿಮಾನ ಓಡುತ್ತದೋ ಇಲ್ಲವೋ ಅದಕ್ಕೆ ಸಂಬಂಧ ಇಲ್ಲ.

ಒಂದು ಉದಾಹರಣೆ ನೋಡಿ. ಶಿವಮೊಗ್ಗದಿಂದ ಹುಬ್ಬಳ್ಳಿಗೆ ನೇರ ಗೆರೆಯಲ್ಲಿ ಸುಮಾರು 176 ಕಿ.ಮೀ. ಹಾರಾಟದ ಸಮಯ ಮುಕ್ಕಾಲು ಗಂಟೆ ಎಂದು ಲೆಕ್ಕ ಬರುತ್ತದೆ. ಓದಿದವರಿಗೆ ವಿಮಾನ ಇದೆ ಅಂತಲೇ ಅನ್ನಿಸುತ್ತದೆ ಅಲ್ವಾ? ಆದರೆ ಆ ಎರಡು ಊರಿನ ನಡುವೆ ನೇರ ವಿಮಾನವೇ ಇಲ್ಲ. ಬೆಂಗಳೂರಿಗೆ ಹೋಗಿ ಅಲ್ಲಿಂದ ಇನ್ನೊಂದು ವಿಮಾನ ಹತ್ತಬೇಕು. 176 ಕಿ.ಮೀ. ಜಾಗದಲ್ಲಿ 610 ಕಿ.ಮೀ. ಹಾರಿದಂತಾಯಿತು. ಅಷ್ಟು ಹೊತ್ತಿಗೆ ಬಸ್ಸಿನಲ್ಲಿ ಹೋದವರು ಹುಬ್ಬಳ್ಳಿ ತಲುಪಿ ಊಟ ಮುಗಿಸಿರುತ್ತಾರೆ.

ಹಾಗಾಗಿ ದೂರ ಗೊತ್ತಾದ ಕೂಡಲೇ ವಿಮಾನ ಕಂಪನಿಯ ಸ್ವಂತ ಆ್ಯಪಿನಲ್ಲೋ ಜಾಲತಾಣದಲ್ಲೋ ನಿಮ್ಮ ದಿನಾಂಕ ಹಾಕಿ ಹುಡುಕಿ. ಬೇರೆ ದಿನಾಂಕ ಹಾಕಿ ನೋಡಿದರೆ ಸಾಲದು. ಸಣ್ಣ ನಿಲ್ದಾಣಗಳ ಎಷ್ಟೋ ವಿಮಾನಗಳು ವಾರಕ್ಕೆ ಮೂರೋ ನಾಲ್ಕೋ ದಿನ ಮಾತ್ರ. ಮಂಗಳವಾರ ಇದ್ದದ್ದು ಬುಧವಾರ ಇರುವುದಿಲ್ಲ.

ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ ಎನ್ನುವುದೂ ಗೊತ್ತಿರಲಿ. ಬೇಸಿಗೆ ಪಟ್ಟಿ ಮಾರ್ಚ್ ಕೊನೆಯ ಭಾನುವಾರದಿಂದ, ಚಳಿಗಾಲದ ಪಟ್ಟಿ ಅಕ್ಟೋಬರ್ ಕೊನೆಯ ಭಾನುವಾರದಿಂದ. ದಸರೆಗೆ ಹೋದಾಗ ಇದ್ದ ವಿಮಾನ ದೀಪಾವಳಿ ಮುಗಿಯುವ ಹೊತ್ತಿಗೆ ಬೇರೆ ಸಮಯಕ್ಕೆ ಹೋಗಿರಬಹುದು.

ಇನ್ನು ಮಾರ್ಗವೇ ನಿಂತುಹೋಗುವುದೂ ಉಂಟು. ಅದಕ್ಕೊಂದು ಕಾರಣ ಇದೆ. ಸಣ್ಣ ಊರುಗಳ ಬಹಳಷ್ಟು ವಿಮಾನಗಳು ಶುರುವಾಗಿದ್ದು ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ. 2017ರ ಏಪ್ರಿಲ್‌ನಲ್ಲಿ ಮೊದಲ ವಿಮಾನ ಶಿಮ್ಲಾ–ದೆಹಲಿ ನಡುವೆ ಹಾರಿತು. ಸುಮಾರು 500 ಕಿ.ಮೀ., ಅಂದರೆ ಒಂದು ಗಂಟೆಯ ಹಾರಾಟಕ್ಕೆ ಒಂದಷ್ಟು ಸೀಟುಗಳನ್ನು 2,500 ರೂಪಾಯಿಗೆ ಕೊಡಬೇಕು ಎನ್ನುವುದು ಆಗಿನ ನಿಯಮ. ಅದರಿಂದ ಆಗುವ ನಷ್ಟ ತುಂಬಲು ಕಂಪನಿಗೆ ಮೂರು ವರ್ಷ ಹಣ ಕೊಡುತ್ತಾರೆ. ಇದಕ್ಕೆ ವಯಬಿಲಿಟಿ ಗ್ಯಾಪ್ ಫಂಡಿಂಗ್ ಎನ್ನುತ್ತಾರೆ, ನಷ್ಟ ತುಂಬುವ ಸಹಾಯಧನ ಎಂದಿಟ್ಟುಕೊಳ್ಳಿ. ಮೂರು ವರ್ಷ ಮುಗಿದ ಮೇಲೆ ಸೀಟು ತುಂಬದಿದ್ದರೆ ಮಾರ್ಗ ನಿಲ್ಲುತ್ತದೆ. ಹೋದ ವರ್ಷ ಪಕ್ಕದ ಮನೆಯವರು ಹೋಗಿಬಂದ ವಿಮಾನ ಈ ವರ್ಷವೂ ಇರುತ್ತದೆ ಎಂದು ನಂಬಿ ರಜೆ ಹಾಕಬೇಡಿ.

4. ಊರಲ್ಲ, ನಿಲ್ದಾಣ ಸರಿಯಾಗಿದೆಯಾ ನೋಡಿ

ಪ್ರತಿ ನಿಲ್ದಾಣಕ್ಕೂ ಮೂರು ಅಕ್ಷರದ ಒಂದು ಕೋಡ್ ಇರುತ್ತದೆ. ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ಶಿವಮೊಗ್ಗಕ್ಕೆ ಆರ್‌ಕ್ಯೂವೈ, ಬೆಂಗಳೂರಿಗೆ ಬಿಎಲ್‌ಆರ್, ವಿದ್ಯಾನಗರಕ್ಕೆ ವಿಡಿವೈ, ಹೈದರಾಬಾದಿಗೆ ಎಚ್‌ವೈಡಿ. ಟಿಕೆಟ್ ತೆಗೆಯುವಾಗ ಊರಿನ ಹೆಸರಿಗಿಂತ ಈ ಕೋಡ್ ನೋಡುವುದು ಒಳ್ಳೆಯ ಅಭ್ಯಾಸ.

ಗೋವಾದಲ್ಲಿ ಈಗ ಎರಡು ನಿಲ್ದಾಣ. ದಾಬೋಲಿಂನದ್ದು ಜಿಒಐ, 2023ರ ಜನವರಿಯಲ್ಲಿ ಶುರುವಾದ ಮೋಪಾದ್ದು ಜಿಒಎಕ್ಸ್. ಒಂದು ದಕ್ಷಿಣಕ್ಕೆ, ಒಂದು ಉತ್ತರದ ತುದಿಗೆ. ಮುಂಬೈಗೂ ಈಗ ಹಳೆಯದರ ಜೊತೆ ನವಿ ಮುಂಬೈ ಸೇರಿಕೊಂಡಿದೆ. ದೆಹಲಿ ಕಡೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಸಣ್ಣ ಊರಿನ ಕೆಲವು ವಿಮಾನಗಳು ಇಳಿಯುವುದು ಉತ್ತರ ಪ್ರದೇಶದ ಗಾಜಿಯಾಬಾದಿನ ಹಿಂಡನ್‌ನಲ್ಲಿ. ಅಲ್ಲಿ ಇಳಿದು ದೆಹಲಿಯ ದೊಡ್ಡ ನಿಲ್ದಾಣದಿಂದ ಬೇರೆ ವಿಮಾನ ಹಿಡಿಯಬೇಕೆಂದರೆ ಇಡೀ ನಗರ ದಾಟಬೇಕು.

5. ಹಾರಾಟದ ಸಮಯ ಲೆಕ್ಕ ಹಾಕಿ

ಟಿಕೆಟಿನಲ್ಲಿ ಬರೆದಿರುವ ಸಮಯಕ್ಕೆ ಬ್ಲಾಕ್ ಟೈಮ್ ಎಂದು ಹೆಸರು. ವಿಮಾನ ನಿಂತ ಜಾಗದಿಂದ ಅಲುಗಿದಾಗಿನಿಂದ, ಇಳಿದು ಮತ್ತೆ ಪೂರ್ತಿ ನಿಲ್ಲುವ ತನಕದ ಹೊತ್ತು. ಅದರಲ್ಲಿ ನೆಲದ ಮೇಲೆ ಓಡುವುದು, ಸರದಿಗೆ ಕಾಯುವುದು, ಮೇಲೇರುವುದು, ಇಳಿಯುವುದು ಎಲ್ಲ ಸೇರಿದೆ. ಆಕಾಶದಲ್ಲಿ ಇರುವ ಹೊತ್ತು ಇದಕ್ಕಿಂತ ಕಡಿಮೆ.

ಲೆಕ್ಕದ ದಾರಿ ಹೀಗೆ. ದೂರವನ್ನು ವಿಮಾನದ ವೇಗದಿಂದ ಭಾಗಿಸಿ, ಬಂದ ಉತ್ತರಕ್ಕೆ ಅರ್ಧ ಗಂಟೆ ಕೂಡಿಸಿ. ಆ ಅರ್ಧ ಗಂಟೆಯನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಸಣ್ಣ ದೂರದಲ್ಲಿ ವಿಮಾನ ಪೂರ್ತಿ ವೇಗಕ್ಕೆ ಬರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ವೇಗ ಎಷ್ಟು ಎನ್ನುವುದು ಯಾವ ವಿಮಾನ ಎನ್ನುವುದರ ಮೇಲಿದೆ. ನಮ್ಮ ಕಡೆ ಮೂರು ಬಗೆಯವು ಹೆಚ್ಚು ಕಾಣುತ್ತವೆ. ಒಂದು, ರೆಕ್ಕೆಯ ಮೇಲೆ ಎರಡು ಫ್ಯಾನು ತಿರುಗುವ ಎಟಿಆರ್ 72. ಇಂಡಿಗೋದಲ್ಲಿ ಇದಕ್ಕೆ 78 ಸೀಟು, ವೇಗ ಗಂಟೆಗೆ ಸುಮಾರು 500 ಕಿ.ಮೀ. ಎರಡು, ಸ್ಟಾರ್ ಏರ್ ಓಡಿಸುವ ಎಂಬ್ರೇಯರ್ 175. ಇದು 76 ಸೀಟಿನ ಜೆಟ್, 750ರಿಂದ 800ರವರೆಗೆ ಹೋಗುತ್ತದೆ. ಮೂರು, ಏರ್‌ಬಸ್ 320ರಂಥ ದೊಡ್ಡ ಜೆಟ್, 180ರ ಆಸುಪಾಸು ಸೀಟು, 800ರ ಮೇಲೆ. ಟಿಕೆಟ್ ತೆಗೆಯುವ ಪುಟದಲ್ಲಿ ವಿಮಾನದ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ.

ಈಗ ಹಾಕಿ ನೋಡೋಣ. ಶಿವಮೊಗ್ಗ–ಬೆಂಗಳೂರು 240 ಕಿ.ಮೀ., ಎಟಿಆರ್. 240 ಭಾಗಿಸು 500, ಅಂದರೆ 29 ನಿಮಿಷ. ಅರ್ಧ ಗಂಟೆ ಕೂಡಿಸಿದರೆ ಒಂದು ಗಂಟೆ. ವೇಳಾಪಟ್ಟಿಯಲ್ಲೂ ಒಂದು ಗಂಟೆಯ ಆಸುಪಾಸೇ ಇರುತ್ತದೆ. ಶಿವಮೊಗ್ಗ–ಹೈದರಾಬಾದ್ 480 ಕಿ.ಮೀ. ಎಟಿಆರ್‌ನಲ್ಲಾದರೆ ಒಂದೂವರೆ ಗಂಟೆ, ಎಂಬ್ರೇಯರ್‌ನಲ್ಲಾದರೆ ಒಂದು ಗಂಟೆ ಹತ್ತು ನಿಮಿಷ. ಹುಬ್ಬಳ್ಳಿ–ದೆಹಲಿ ಏರ್‌ಬಸ್ಸಿನಲ್ಲಿ ಎರಡೂವರೆ ಗಂಟೆ ಹತ್ತಿರ.

ಎಟಿಆರ್ ಮೊದಲ ಸಲ ಹತ್ತುವವರಿಗೆ ಒಂದು ಮಾತು. ಬಾಗಿಲು ಹಿಂಭಾಗದಲ್ಲಿ ಇರುತ್ತದೆ, ನೆಲದಿಂದ ನಾಲ್ಕೈದು ಮೆಟ್ಟಿಲು ಅಷ್ಟೇ. ಒಳಗೆ ತಲೆ ಮೇಲಿನ ಸಾಮಾನಿನ ಗೂಡು ಸಣ್ಣದು, ದಪ್ಪ ಟ್ರಾಲಿ ಹಿಡಿಸುವುದಿಲ್ಲ. ಮೆತ್ತನೆಯ ಬ್ಯಾಗ್ ಒಯ್ಯಿರಿ. ಫ್ಯಾನಿನ ಸದ್ದು ಜಾಸ್ತಿ, ಹೆದರುವಂಥದ್ದು ಏನೂ ಇಲ್ಲ. ತೀರಾ ಎತ್ತರಕ್ಕೆ ಹೋಗುವುದಿಲ್ಲವಾದ್ದರಿಂದ ಮೋಡ ಇಲ್ಲದ ದಿನ ಕಿಟಕಿ ಪಕ್ಕ ಕೂತರೆ ಅಡಿಕೆ ತೋಟ, ಕೆರೆ ಎಲ್ಲ ಸ್ಪಷ್ಟವಾಗಿ ಕಾಣುತ್ತವೆ.

ಇನ್ನೊಂದು ಮೋಸ ಹೋಗುವ ಜಾಗ: ಟಿಕೆಟಿನಲ್ಲಿ 'ಡೈರೆಕ್ಟ್' ಎಂದಿದ್ದರೆ ವಿಮಾನ ಎಲ್ಲೂ ನಿಲ್ಲುವುದಿಲ್ಲ ಎಂದಲ್ಲ. ನಡುವೆ ಒಂದು ಊರಲ್ಲಿ ಇಳಿದು, ಜನರನ್ನು ಇಳಿಸಿ ಹತ್ತಿಸಿಕೊಂಡು ಮುಂದೆ ಹೋಗಬಹುದು. ನೀವು ಸೀಟು ಬಿಟ್ಟು ಏಳಬೇಕಿಲ್ಲ ಅಷ್ಟೇ. ಎಲ್ಲೂ ನಿಲ್ಲದೆ ಹೋಗುವುದಕ್ಕೆ 'ನಾನ್ ಸ್ಟಾಪ್' ಎನ್ನುತ್ತಾರೆ. ನಿಮ್ಮ ಲೆಕ್ಕಕ್ಕಿಂತ ಟಿಕೆಟಿನ ಸಮಯ ಒಂದು ಗಂಟೆ ಜಾಸ್ತಿ ಇದ್ದರೆ ಇದೇ ಕಾರಣ ಇರಬೇಕು, ವಿವರ ತೆರೆದು ನೋಡಿ.

6. ಮನೆಯಿಂದ ಲೆಕ್ಕ ಶುರು ಮಾಡಿ

ಈಗ ಹಾಳೆ ತೆಗೆದುಕೊಳ್ಳಿ. ಐದು ಸಾಲು ಬರೆಯಿರಿ: ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಲ್ಲಿ ಕಾಯುವುದು, ಹಾರಾಟ, ಇಳಿದು ಹೊರಬರುವುದು, ಅಲ್ಲಿಂದ ಹೋಗಬೇಕಾದ ಜಾಗಕ್ಕೆ.

ಕಾಯುವ ಹೊತ್ತನ್ನು ಕಡಿಮೆ ಮಾಡಬೇಡಿ. ದೇಶದೊಳಗಿನ ವಿಮಾನಗಳಿಗೆ ಬಹುತೇಕ ಕಂಪನಿಗಳು ಹೊರಡುವ ಒಂದು ಗಂಟೆ ಮೊದಲೇ ಲಗೇಜು ಕೊಡುವ ಕೌಂಟರ್ ಮುಚ್ಚುತ್ತವೆ. ಹತ್ತುವ ಗೇಟು ಮುಚ್ಚುವುದು ಸುಮಾರು 25 ನಿಮಿಷ ಮೊದಲು. ಶಿವಮೊಗ್ಗ, ಹುಬ್ಬಳ್ಳಿಯಲ್ಲಿ ಜನ ಕಡಿಮೆ, ಒಂದೂವರೆ ಗಂಟೆ ಮೊದಲು ಹೋದರೆ ಸಾಕು. ಬೆಂಗಳೂರಿಗೆ ಎರಡು ಗಂಟೆಯಾದರೂ ಬೇಕು.

ದಾವಣಗೆರೆಯಿಂದ ಹೈದರಾಬಾದಿಗೆ ಹೋಗುವವರ ಹಾಳೆ ಹೀಗಿರುತ್ತದೆ. ಶಿವಮೊಗ್ಗದ ಮೇಲೆ: ರಸ್ತೆ ಎರಡೂಕಾಲು ಗಂಟೆ, ಕಾಯುವುದು ಒಂದೂವರೆ, ಹಾರಾಟ ಒಂದೂವರೆ, ಹೊರಬರಲು ಅರ್ಧ. ಒಟ್ಟು ಐದು ಮುಕ್ಕಾಲು ಗಂಟೆ. ಹುಬ್ಬಳ್ಳಿಯ ಮೇಲೆ: ರಸ್ತೆ ಎರಡೂವರೆ, ಕಾಯುವುದು ಒಂದೂವರೆ, ಹಾರಾಟ ಒಂದೂಕಾಲು ದಾಟಿ, ಹೊರಬರಲು ಅರ್ಧ. ಇದೂ ಐದು ಮುಕ್ಕಾಲರ ಹತ್ತಿರವೇ. ಬೆಂಗಳೂರಿನ ಮೇಲೆ: ರಸ್ತೆ ಐದು, ಕಾಯುವುದು ಎರಡು, ಹಾರಾಟ ಒಂದೂಕಾಲು, ಹೊರಬರಲು ಅರ್ಧ. ಒಂಬತ್ತು ಗಂಟೆ ಹತ್ತಿರ. ಮೂರಕ್ಕೂ ಶಂಷಾಬಾದಿನಿಂದ ಊರೊಳಗೆ ಹೋಗುವ ಒಂದು ಗಂಟೆ ಬೇರೆ.

ನೋಡಿ, ಹುಬ್ಬಳ್ಳಿ 50 ಕಿ.ಮೀ. ಹೆಚ್ಚು ದೂರವಾದರೂ ಸಮಯದಲ್ಲಿ ಶಿವಮೊಗ್ಗಕ್ಕೆ ಸರಿಸಮ. ಹೆದ್ದಾರಿಯಲ್ಲಿ ಗಾಡಿ ಓಡುವ ರೀತಿಯೇ ಬೇರೆ. ಶಿವಮೊಗ್ಗದ ದಾರಿಯಲ್ಲಿ ಊರು, ಉಬ್ಬು, ಟ್ರ್ಯಾಕ್ಟರ್ ಜಾಸ್ತಿ, ಸುಗ್ಗಿ ಕಾಲದಲ್ಲಂತೂ ಇನ್ನೂ ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ. ಹಾಗಾಗಿ ದಾವಣಗೆರೆಯವರಿಗೆ ಹೈದರಾಬಾದಿನ ಮಟ್ಟಿಗೆ ನನ್ನ ಸಲಹೆ ಇಷ್ಟೇ: ಎರಡೂ ಕಡೆ ನೋಡಿ, ನಿಮ್ಮ ದಿನಕ್ಕೆ ಯಾವುದರ ಸಮಯ ಒಗ್ಗುತ್ತದೋ ಅದನ್ನು ತೆಗೆದುಕೊಳ್ಳಿ. ಚಿತ್ರದುರ್ಗದವರಿಗೆ ಶಿವಮೊಗ್ಗವೇ ವಾಸಿ.

ಬೆಂಗಳೂರಿಗೇ ಹೋಗಬೇಕಾದವರು ಶಿವಮೊಗ್ಗದಿಂದ ವಿಮಾನ ಹತ್ತಬೇಕಾ? ಬೇಡ. ಅದೇ ಐದು ಸಾಲು ಹಾಕಿ ನೋಡಿ. ದೇವನಹಳ್ಳಿಯಲ್ಲಿ ಹೊರಬರುವಷ್ಟರಲ್ಲೇ ಐದು ಗಂಟೆ ದಾಟಿರುತ್ತದೆ, ಅಲ್ಲಿಂದ ಮೆಜೆಸ್ಟಿಕ್‌ಗೆ ವಾಯು ವಜ್ರ ಬಸ್ಸಿನಲ್ಲಿ ಇನ್ನೂ ಒಂದು ಗಂಟೆ ಮೇಲೆ. 2023ರ ಜೂನ್‌ನಲ್ಲಿ ಶುರುವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ದಾವಣಗೆರೆಯಿಂದ ಸುಮಾರು ನಾಲ್ಕು ಗಂಟೆಯಲ್ಲಿ ನಗರದ ಮಧ್ಯಕ್ಕೇ ತಂದು ಬಿಡುತ್ತದೆ.

ಆಕಾಶದ ದೂರ 300 ಕಿ.ಮೀ. ಒಳಗಿದ್ದರೆ ನಮ್ಮ ಊರಿನವರಿಗೆ ವಿಮಾನದಿಂದ ಸಮಯ ಉಳಿಯುವುದಿಲ್ಲ. 400 ದಾಟಿದ ಮೇಲೆ ಉಳಿಯತೊಡಗುತ್ತದೆ.

ಬೆಂಗಳೂರು ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವವರು ನೆಲಮಂಗಲ, ಯಶವಂತಪುರದ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ. ಹೊಸ ವರ್ತುಲ ರಸ್ತೆ ಆದ ಮೇಲೆ ಈ ದಾರಿ ತುಂಬಾ ಸಲೀಸು.

7. ಬೆಂಗಳೂರಿನಲ್ಲಿ ವಿಮಾನ ಬದಲಿಸುವವರು ಇದನ್ನು ಓದಲೇಬೇಕು

ಶಿವಮೊಗ್ಗದಿಂದ ಬೆಂಗಳೂರಿಗೆ, ಅಲ್ಲಿಂದ ಕೊಲ್ಕತ್ತಾಗೋ ದುಬೈಗೋ. ಇಂಥ ಪ್ರಯಾಣಕ್ಕೆ ಶಿವಮೊಗ್ಗದ ವಿಮಾನ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು. ಪಿಎನ್‌ಆರ್ ಅಂದರೆ ನಿಮ್ಮ ಬುಕಿಂಗಿನ ಆರು ಅಕ್ಷರದ ಗುರುತು. ಒಂದೇ ಪಿಎನ್‌ಆರ್ ಇದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಜವಾಬ್ದಾರಿ ಕಂಪನಿಯದ್ದು.

ಕಡಿಮೆ ಬೆಲೆಗೆ ಸಿಕ್ಕಿತು ಎಂದು ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ಎರಡನೇ ಟಿಕೆಟ್ಟಿನ ದುಡ್ಡು ನಿಮ್ಮ ತಲೆಯ ಮೇಲೆ. ಲಗೇಜನ್ನೂ ನೀವೇ ಹೊರಗೆ ತಂದು ಮತ್ತೆ ಕೊಡಬೇಕು. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇವೆ, ಎರಡನೆಯದು 2023ರ ಜನವರಿಯಿಂದ ಕೆಲಸ ಶುರು ಮಾಡಿದೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದರೆ ಶಟಲ್ ಬಸ್ಸಿಗೆ ಕಾಯಬೇಕು. ಬೇರೆ ಬೇರೆ ಟಿಕೆಟ್ ತೆಗೆಯಲೇಬೇಕಾದರೆ ದೇಶದೊಳಗಿನ ಪ್ರಯಾಣಕ್ಕೆ ಕನಿಷ್ಠ ನಾಲ್ಕು ಗಂಟೆ ಅಂತರ ಇಡಿ, ವಿದೇಶಕ್ಕಾದರೆ ಆರು. ಮಳೆಗಾಲದಲ್ಲಿ ಮಲೆನಾಡಿನ ಮೋಡ ತಗ್ಗಿ ಬಂದು ಶಿವಮೊಗ್ಗದ ವಿಮಾನ ತಡವಾಗುವುದು, ರದ್ದಾಗುವುದು ಇದ್ದೇ ಇದೆ. ಚಳಿಗಾಲದ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಮಂಜು. ವೀಸಾ ಸಂದರ್ಶನ, ಪರೀಕ್ಷೆ, ಆಪರೇಷನ್ ಥರದ ತಪ್ಪಿಸಲಾಗದ ಕೆಲಸ ಇದ್ದರೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ.

ವಿದೇಶಕ್ಕೆ ಹೋಗುವವರು ಇನ್ನೊಂದು ಗಮನಿಸಿ. ಟಿಕೆಟಿನಲ್ಲಿ ಇಳಿಯುವ ಸಮಯ ಆ ಊರಿನ ಗಡಿಯಾರದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವ ಟಿಕೆಟಿನಲ್ಲಿ ಇಳಿಯುವ ಸಮಯದಿಂದ ಹೊರಡುವ ಸಮಯ ಕಳೆದಾಗ ಹಾರಾಟ ಎರಡೂವರೆ ಗಂಟೆ ಅನ್ನಿಸಿದರೆ, ನಿಜವಾಗಿ ಅದು ನಾಲ್ಕು ಗಂಟೆ.

8. ತಡವಾದರೆ, ರದ್ದಾದರೆ ನಿಮ್ಮ ಹಕ್ಕು ಏನು?

ಇಲ್ಲಿ ಬ್ಲಾಕ್ ಟೈಮ್ ಮತ್ತೆ ಕೆಲಸಕ್ಕೆ ಬರುತ್ತದೆ. ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದ ಪ್ರಕಾರ, ಸಮಯಕ್ಕೆ ಸರಿಯಾಗಿ ತಿಳಿಸದೆ ವಿಮಾನ ರದ್ದು ಮಾಡಿದರೆ ಪರ್ಯಾಯ ವಿಮಾನ ಅಥವಾ ಪೂರ್ತಿ ಹಣ ವಾಪಸ್ ಕೊಡುವುದರ ಜೊತೆಗೆ ಪರಿಹಾರವನ್ನೂ ಕೊಡಬೇಕು. ಬ್ಲಾಕ್ ಟೈಮ್ ಒಂದು ಗಂಟೆಯವರೆಗಿದ್ದರೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯಾದರೆ 7,500, ಎರಡು ಗಂಟೆ ಮೇಲಾದರೆ 10,000. ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಎಷ್ಟಾಗುತ್ತದೋ ಅದು. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಶಿವಮೊಗ್ಗ–ಬೆಂಗಳೂರು ವಿಮಾನದ ಟಿಕೆಟಿನಲ್ಲಿ ಒಂದು ಗಂಟೆ ಐದು ನಿಮಿಷ ಎಂದಿದ್ದರೆ ನೀವು ಎರಡನೇ ಸಾಲಿಗೆ ಸೇರುತ್ತೀರಿ. ಹಾಗಾಗಿ ಟಿಕೆಟಿನ ಆ ಸಾಲನ್ನು ಅಳಿಸದೆ ಇಟ್ಟುಕೊಳ್ಳಿ.

ಮಳೆ, ಮಂಜಿನಂಥ ಕಂಪನಿಯ ಕೈಮೀರಿದ ಕಾರಣಕ್ಕೆ ಈ ಪರಿಹಾರ ಇಲ್ಲ. ಆಗಲೂ ಟಿಕೆಟಿನ ಹಣ ಅಥವಾ ಬೇರೆ ವಿಮಾನ ಕೇಳುವ ಹಕ್ಕು ನಿಮಗೆ ಇದ್ದೇ ಇದೆ. ನೀವು ಸಮಯಕ್ಕೆ ಚೆಕ್ ಇನ್ ಮಾಡಿದ್ದು, ನಮ್ಮ ಕಡೆಯಂಥ ಸಣ್ಣ ದೂರದ ವಿಮಾನ ಎರಡು ಗಂಟೆಗಿಂತ ಜಾಸ್ತಿ ತಡವಾದರೆ ತಿಂಡಿ, ನೀರು ಕೊಡಬೇಕು. ಆರು ಗಂಟೆ ಮೀರುತ್ತದೆ ಎಂದಾದರೆ ಬೇರೆ ವಿಮಾನ ಅಥವಾ ಹಣ ವಾಪಸ್. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿ ಸುಮ್ನೆ ಬರಬೇಡಿ. ತಡದ ಬಗ್ಗೆ ಬಂದ ಎಸ್ಸೆಮ್ಮೆಸ್ಸು, ಬೋರ್ಡಿಂಗ್ ಪಾಸು, ಸಮಯ ತೋರಿಸುವ ಬೋರ್ಡಿನ ಒಂದು ಫೋಟೋ ಇಟ್ಟುಕೊಂಡು ಮೊದಲು ಕಂಪನಿಗೆ ಇಮೇಲ್ ಮಾಡಿ. ಅಲ್ಲಿ ಉತ್ತರ ಸಿಗದಿದ್ದರೆ ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪಿನಲ್ಲಿ ದೂರು ಹಾಕಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಏಜೆಂಟರ ಕೈಲಿ ಟಿಕೆಟ್ ತೆಗೆಸಿದ್ದರೂ ಬುಕಿಂಗಿನಲ್ಲಿ ನಿಮ್ಮದೇ ಮೊಬೈಲ್ ನಂಬರ್ ಹಾಕಿಸಿ. ಎಷ್ಟೋ ಸಲ ವಿಮಾನ ರದ್ದಾದ ಸುದ್ದಿ ಏಜೆಂಟರ ಫೋನಿಗೆ ಬಂದು, ಪ್ರಯಾಣಿಕರು ಸೋಗಾನೆಯ ಗೇಟಿನ ಮುಂದೆ ಲಗೇಜು ಇಳಿಸುತ್ತಿರುತ್ತಾರೆ.